ವಾಷರ್‌ನ ಊಟ

"ಬಾರೋ ರಾಜ, ಬಾರೋ ಬಂಗಾರ, ಒಂದೇ ಒಂದು ತುಂಡು," ಎನ್ನುತ್ತ ಅತ್ತೆ ಬಿಸ್ಕತ್ತನ್ನು ಮಂಚದ ಕೆಳಗೆ ಇನ್ನೊಂದು ಗೇಣು ಒಳಗೆ ನೂಕಿದಳು. ಎಪ್ಪತ್ತು ದಾಟಿದ ಹೆಂಗಸು. ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಒಂದು ಕೈಯಲ್ಲಿ ಮಂಚದ ಕಾಲು ಹಿಡಿದುಕೊಂಡಿದ್ದಳು. ಮಂಚದ ಮೇಲೆ ಅವಳ ಅಣ್ಣ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಹೊತ್ತೊಯ್ಯಲು ಬಂದ ನಾಲ್ವರು ಬಾಗಿಲಲ್ಲಿ ನಿಂತು, ಒಳಗೆ ಹೋಗುವುದೋ ಕಾಯುವುದೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಮಂಚದ ಕೆಳಗಿದ್ದ ನಾಯಿ ಬಿಸ್ಕತ್ತನ್ನು ನೋಡಿತು. ಅತ್ತೆಯನ್ನು ನೋಡಿತು. ಗಲ್ಲವನ್ನು ಮತ್ತೆ ಮುಂಗಾಲಿನ ಮೇಲೆ ಇಟ್ಟುಕೊಂಡಿತು.

"ಅತ್ತೆ, ಅದಕ್ಕೆ ಬಿಸ್ಕತ್ತು ಹಾಕ್ಬೇಡಿ," ಎಂದಳು ಸತ್ತವನ ಮಗಳು. ಗೋಡೆಗೆ ಒರಗಿ ಕೂತಿದ್ದಳು. ಮೊನ್ನೆ ಮಧ್ಯಾಹ್ನ ಬಂದಾಗ ಕೂತ ಜಾಗ ಅದು.

"ಯಾಕೆ?"

"ಹಾಕಬಾರದಂತೆ. ಕಲ್ಲಾಗುತ್ತೆ."

"ಬಿಸ್ಕತ್ತು ಹೋಗಿ ಕಲ್ಲಾಗುತ್ತಾ?"

"ಉಚ್ಚೆ ಚೀಲದಲ್ಲಿ ಅತ್ತೆ. ಎರಡು ಸಲ ಕೊಯ್ದು ತೆಗ್ಸಿದ್ರಲ್ಲ ಅಪ್ಪ."

"ಅದೇನು ನಾಯಿನೋ, ಕಲ್ಲಿನ ಗಣಿನೋ," ಎಂದು ಅತ್ತೆ ಗೊಣಗುತ್ತ ಬಿಸ್ಕತ್ತನ್ನು ಎಳೆದುಕೊಂಡಳು. ಎಸೆಯಲು ಮನಸ್ಸು ಬಾರದೆ ತಾನೇ ಬಾಯಿಗೆ ಹಾಕಿಕೊಂಡಳು. ಆಮೇಲೆ, ಸತ್ತವನ ಎದುರಿಗೆ ತಿನ್ನುತ್ತಿದ್ದೇನೆ ಎಂದು ನೆನಪಾಗಿ ಸೆರಗನ್ನು ಬಾಯಿಗಿಟ್ಟು ಅತ್ತಳು.

ಪಕ್ಕದ ಮನೆಯ ಇಸ್ತ್ರಿಯವನು ಒಳಗೆ ಬಂದು ಬಗ್ಗಿ ನೋಡಿದ. ಮೊನ್ನೆ ಬೆಳಿಗ್ಗೆ ಮುದುಕ ಬಾಗಿಲ ಹೊರಗಿನ ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದನ್ನು ಮೊದಲು ಕಂಡವನು ಅವನೇ. ನಾಯಿ ಬೊಗಳಿತ್ತಂತೆ. ಅದು ಬೊಗಳಿದ್ದನ್ನು ಅವನು ಒಂಬತ್ತು ವರ್ಷದಲ್ಲಿ ಎರಡನೇ ಸಲ ಕೇಳಿದ್ದಂತೆ.

"ಮೊನ್ನೆಯಿಂದ ಏನೂ ಮುಟ್ಟಿಲ್ಲಮ್ಮ," ಎಂದ. "ನೀರೂ ಇಲ್ಲ. ಬರೀ ನೀರನ್ನ ಅದು ಕುಡಿಯೋದೇ ಇಲ್ಲ. ಊಟದಲ್ಲಿ ಕಲಸಿ ಕೊಟ್ರೇನೇ ಹೊಟ್ಟೆಗೆ ಹೋಗೋದು."

ದೇಹವನ್ನು ಎತ್ತಿದಾಗ ನಾಯಿ ತಾನಾಗಿ ಹೊರಗೆ ಬಂತು. ಬೆಕ್ಕಿಗಿಂತ ಒಂದಿಷ್ಟು ದೊಡ್ಡದು. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಹೆಸರು ವಾಷರ್. ಹೊತ್ತವರ ಕಾಲುಗಳ ನಡುವೆ ಯಾರಿಗೂ ಅಡ್ಡವಾಗದಂತೆ ನಡೆಯಿತು. ಅಂಗಳದಲ್ಲಿ ನಾಯಿ ಡಾಕ್ಟರಮ್ಮ ನಿಂತಿದ್ದಳು, ಆಸ್ಪತ್ರೆಗೆ ಒಂದು ಗಂಟೆ ಬೀಗ ಹಾಕಿ ಬಂದಿದ್ದಳು. ದೇಹಕ್ಕೆ ಕೈಮುಗಿದವಳು ಹಾಗೇ ಕುಕ್ಕರುಗಾಲಲ್ಲಿ ಕೂತು ನಾಯಿಯ ಹೊಟ್ಟೆಯನ್ನು ಎರಡು ಬೆರಳಿಂದ ಒತ್ತಿ ನೋಡಿದಳು. ತುಟಿ ಎತ್ತಿ ವಸಡು ನೋಡಿದಳು.

"ಕಲ್ಲು ಅಡ್ಡ ಬಂದಿಲ್ಲ, ಪುಣ್ಯ. ಚೀಲ ಖಾಲಿ ಇದೆ," ಎಂದು ಮಗಳಿಗೆ ಹೇಳಿದಳು. "ಆದ್ರೆ ಮೈಯಲ್ಲಿ ನೀರೇ ಇಲ್ಲ. ಇದರ ಮೈಗೆ ಹೀಗೆ ಒಣಗಿ ಕೂರೋದು ಆಗಿಬರಲ್ಲ. ಇವತ್ತು ಸಂಜೆ ಐದರೊಳಗೆ ಅದರ ಊಟ ಅದು ಉಣ್ಣಬೇಕು. ಇಲ್ಲಾಂದ್ರೆ ಕರ್ಕೊಂಡ್ಬನ್ನಿ, ಸೂಜಿ ಹಾಕಿ ನೀರು ಏರಿಸ್ತೀನಿ."

"ಏರಿಸಿದ್ರೆ ಸರಿಹೋಗುತ್ತಾ?"

"ಇವತ್ತಿಗೆ. ನಾಳೆ? ನಾಡಿದ್ದು?" ಡಾಕ್ಟರಮ್ಮ ಎದ್ದು ಮಂಡಿಯ ಧೂಳು ಕೊಡವಿದಳು. "ತಿನ್ನೋಕೆ ಒಪ್ಪದ ಪ್ರಾಣೀನ ಸೂಜಿಯಲ್ಲಿ ಎಷ್ಟು ದಿನ ಬದುಕಿಸೋಕಾಗುತ್ತಮ್ಮ? ಅದರ ಊಟ ನಿಮ್ಮಪ್ಪ ಬರೆದಿಟ್ಟಿದ್ದಾರೆ, ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದಾರೆ. ಅದು ಬಿಟ್ಟು ಒಂದು ಚೂರೂ ಬೇರೆ ಹಾಕ್ಬೇಡಿ. ಸಾವಿನ ಮನೇಲಿ ನಾಯಿ ಮೇಲೆ ಎಲ್ಲರಿಗೂ ಕರುಣೆ ಉಕ್ಕುತ್ತೆ. ಕೈಗೆ ಸಿಕ್ಕಿದ್ದೆಲ್ಲ ಹಾಕ್ತಾರೆ."

ಅತ್ತೆ ತುಟಿಯ ಮೇಲಿದ್ದ ಬಿಸ್ಕತ್ತಿನ ಪುಡಿಯನ್ನು ಮೆಲ್ಲಗೆ ಒರೆಸಿಕೊಂಡಳು.

*

ಸತ್ತವನು ಮೂವತ್ತೆರಡು ವರ್ಷ ನೀರುಗಂಟಿಯಾಗಿದ್ದ. ಬೆಳಗಾಗುವ ಮುಂಚೆ ಮಾರುದ್ದದ ಕಬ್ಬಿಣದ ಕೀಲಿಯನ್ನು ಹೆಗಲಿಗಿಟ್ಟು ಹೊರಟು, ಬೀದಿ ಬೀದಿಯ ವಾಲ್ವಿನ ಗುಂಡಿಗಳ ಮುಚ್ಚಳ ತೆಗೆದು, ಇಲ್ಲಿ ನಾಲ್ಕು ಸುತ್ತು ಅಲ್ಲಿ ಆರು ಸುತ್ತು ತಿರುಗಿಸಿ, ಯಾವ ಬೀದಿಗೆ ಎಷ್ಟು ಹೊತ್ತು ನೀರು ಎನ್ನುವುದನ್ನು ತಲೆಯಲ್ಲೇ ಇಟ್ಟುಕೊಂಡು ಬದುಕಿದವನು. ಹೆಂಡತಿ ಬೇಗ ತೀರಿಕೊಂಡಳು. ಮಗಳಿಗೆ ಅವನೇ ಅಡುಗೆ ಮಾಡಿ ಹಾಕಿದ. "ನಮ್ಮಪ್ಪನ ಅಡುಗೆ ತಿಂದೂ ತಿಂದೂ, ಪ್ರಾಣ ಉಳಿಸ್ಕೊಳ್ಳೋಕೆ ನಾನು ಅಡುಗೆ ಕಲಿತೆ," ಎಂದು ಮಗಳು ತನ್ನ ಜೊತೆ ಕೆಲಸದವರಿಗೆ ಹೇಳುತ್ತಿದ್ದಳು. ಅವಳೀಗ ಊರಿನ ಇನ್ನೊಂದು ತುದಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮುಖ್ಯ ಅಡುಗೆಯವಳು. ದಿನಕ್ಕೆ ಇನ್ನೂರು ತಟ್ಟೆ. ಅಡುಗೆಮನೆಯ ಹಿಂದಿನ ಎರಡು ಕೋಣೆಯೇ ಅವಳ ಮನೆ.

ಕೆಲಸ ಬಿಡುವ ಕೊನೆಯ ವರ್ಷ ಒಂದು ಗುಂಡಿಯ ಮುಚ್ಚಳ ತೆಗೆದಾಗ ಒಳಗೆ ನಾಯಿಮರಿ ಇತ್ತು. ಯಾರು ಹಾಕಿದರೋ, ಹೇಗೆ ಬಿತ್ತೋ. ಶರ್ಟಿನೊಳಗೆ ಹಾಕಿಕೊಂಡು ಮನೆಗೆ ತಂದ.

"ವಾಷರ್ ಅಂತೆ, ಎಂಥ ಹೆಸರಪ್ಪ ಅದು?" ಎಂದು ಮಗಳು ನಕ್ಕಿದ್ದಳು.

"ಯಾಕೆ? ನಲ್ಲಿಯೊಳಗೆ ಉಂಗುರದಷ್ಟು ಇರುತ್ತೆ, ಯಾರ ಕಣ್ಣಿಗೂ ಕಾಣಲ್ಲ. ಅದೊಂದು ಇಲ್ಲದಿದ್ರೆ ನೋಡು, ಮನೆಯೆಲ್ಲಾ ಸೋರುತ್ತೆ."

ಮರಿಗೆ ಮೂರು ವರ್ಷವಾದಾಗ ಮೊದಲ ಕಲ್ಲು. ಕಾಲೆತ್ತಿ ನಿಂತರೆ ಹನಿ ಮಾತ್ರ ಬೀಳುತ್ತಿತ್ತು, ಹನಿಯೂ ಕೆಂಪಗೆ. ಡಾಕ್ಟರಮ್ಮ ಕೊಯ್ದು ತೆಗೆದಳು: ಕಡಲೆಕಾಳಿನಷ್ಟು, ನುಣ್ಣಗೆ. ಅದನ್ನು ಸೀಸೆಗೆ ಹಾಕಿ ಅವನ ಕೈಗೇ ಕೊಟ್ಟಳು. "ಯಜಮಾನರೇ, ಇದನ್ನ ಪರೀಕ್ಷೆ ಮಾಡೋ ಕಡೆಗೆ ಮುಟ್ಟಿಸಿ. ಕಲ್ಲಲ್ಲೂ ಜಾತಿ ಇದೆ. ಯಾವ ಜಾತಿ ಅಂತ ಗೊತ್ತಾದ್ರೆ ಯಾವ ಊಟ ಅಂತ ಹೇಳ್ತೀನಿ."

ಕಲ್ಲಿನ ವಿಷಯ ನೀರುಗಂಟಿಗೆ ಹೇಳಿಕೊಡಬೇಕೇ? ಪೈಪು, ನಲ್ಲಿ, ಮೀಟರು ಎಲ್ಲದರಲ್ಲೂ ಕಟ್ಟಿದ ಬಿಳಿ ಕಲ್ಲನ್ನು ಕೆರೆದು ಕೆರೆದು ಅವನ ಉಗುರು ಸವೆದಿತ್ತು. ಪರೀಕ್ಷೆಗೆ ಒಯ್ಯುವ ಮೊದಲು ತಾನೂ ಒಂದು ಪರೀಕ್ಷೆ ಮಾಡಿದ. ನಲ್ಲಿಯ ಕಲ್ಲು ಬಿಡಿಸುವಾಗ ಮಾಡುತ್ತಿದ್ದ ಹಾಗೆ, ಒಂದು ಲೋಟದಲ್ಲಿ ವಿನೆಗರ್ ಸುರಿದು ಕಲ್ಲನ್ನು ಅದಕ್ಕೆ ಹಾಕಿಟ್ಟ. ಮರುದಿನ ನೋಡಿದರೆ ಕಲ್ಲು ಇಲ್ಲ.

ಲೋಟವನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಓಡಿದ. "ಡಾಕ್ಟ್ರಮ್ಮ, ಕರಗೋಯ್ತು! ಇದು ನಮ್ಮ ನಲ್ಲಿ ಕಲ್ಲೇ!"

ಡಾಕ್ಟರಮ್ಮ ಲೋಟವನ್ನು ನೋಡಿದಳು, ಅವನನ್ನು ನೋಡಿದಳು, ಕುರ್ಚಿಯಲ್ಲಿ ಕೂತಳು. "ಯಜಮಾನರೇ, ನಾನು ನಿಮ್ಮ ಕೈಗೆ ಕಲ್ಲು ಕೊಟ್ಟಿದ್ದೆ. ನೀವು ನನಗೆ ಹುಳಿನೀರು ತಂದುಕೊಟ್ರಿ."

ಹುಳಿಗೆ ಕರಗಿದೆ ಎಂದರೆ ಇಂಥ ಜಾತಿಯದು ಇರಬಹುದು ಎಂದು ಊಹಿಸಿ, ಅದಕ್ಕೆ ತಕ್ಕ ಊಟವನ್ನು ಕೆಲವು ತಿಂಗಳ ಮಟ್ಟಿಗೆ ಬರೆದುಕೊಟ್ಟಳು. ಆಮೇಲೆ ಬಂದು ತೋರಿಸಿ ಎಂದಳು. ನಾಯಿ ಚೆನ್ನಾಗಿ ಓಡಾಡುತ್ತಿತ್ತು. ಅವನು ತೋರಿಸಲು ಹೋಗಲಿಲ್ಲ. ಊಟ ನಿಲ್ಲಿಸಲೂ ಇಲ್ಲ. ಅದರ ಮೇಲೆ, ಯಾರಿಗೂ ಹೇಳದೆ, ಪ್ರತಿ ಬಟ್ಟಲಿಗೂ ಆರು ಹನಿ ವಿನೆಗರ್. ಎರಡು ವರ್ಷ, ಒಂದು ಹೊತ್ತೂ ತಪ್ಪದೆ.

*

ಸ್ಮಶಾನದ ಗುಂಡಿಯ ಹತ್ತಿರ ಜನ ಅಷ್ಟೇನೂ ಇರಲಿಲ್ಲ. ಪಂಪ್‌ಹೌಸಿನಲ್ಲಿ ಅವನ ಜೊತೆಗಿದ್ದ ಮುದುಕನೊಬ್ಬ ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ನಿಂತಿದ್ದ. ಮಣ್ಣು ಹಾಕುವವರು ಹಗ್ಗ ಸರಿಮಾಡಿಕೊಳ್ಳುವಷ್ಟರಲ್ಲಿ ಅವನೇ ಮಾತು ತೆಗೆದ.

"ಮೂವತ್ತೆರಡು ವರ್ಷ ನೀರು ಬಿಟ್ಟ. ಒಂದು ಒಳ್ಳೆ ಮಾತು ಕೇಳ್ಲಿಲ್ಲ. ನೀರು ಬಂದ್ರೆ ಅದು ಸರ್ಕಾರದ್ದು. ಬರದಿದ್ರೆ ಇವನದ್ದು."

"ನಾನೂ ಬೈದಿದ್ದೀನಿ," ಎಂದ ಇಸ್ತ್ರಿಯವನು. "ಬೈದ ಮೇಲೆ ಟೀ ಕೊಡ್ತಿದ್ದೆ."

"ಟೀ ಕುಡಿಯೋನಾ?"

"ಆಮೇಲಾಮೇಲೆ ಬಿಟ್ಬಿಟ್ರು."

"ಎಲ್ಲಾ ಬಿಟ್ಟ ಅವನು. ಆ ನಾಯಿ ಬಂದ್ಮೇಲೆ ತಲೆ ಕೆಟ್ಟಿತ್ತು ಕಣಯ್ಯ." ಮುದುಕ ಸಣ್ಣಗೆ ನಕ್ಕ. "ಒಂದಿನ ನೋಡ್ತೀನಿ, ಉದ್ದನೆ ಸೌಟು ಹಿಡ್ಕೊಂಡು ಸೊಂಟ ಬಗ್ಗಿಸ್ಕೊಂಡು ನಾಯಿ ಹಿಂದೆ ಹೋಗ್ತಾ ಇದ್ದಾನೆ. ಏನಯ್ಯಾ ಇದು ಅಂದ್ರೆ, ಸುಮ್ನಿರು, ಈಗ ಉಚ್ಚೆ ಹೊಯ್ಯುತ್ತೆ, ಡಾಕ್ಟರಿಗೆ ಬೇಕು ಅಂತಾನೆ. ಬೀದಿ ಜನ ಎಲ್ಲಾ ನಗ್ತಾ ಇದ್ದಾರೆ. ಇವನಿಗೆ ಪರಿವೇನೇ ಇಲ್ಲ. ನಾಯಿ ಕಾಲೆತ್ತೋದು, ಇವನು ಸೌಟು ಚಾಚೋದು, ಅದು ಕಾಲಿಳಿಸಿ ಮುಂದೆ ಹೋಗೋದು..."

ನಕ್ಕವರು ಇಬ್ಬರು ಮೂವರು. ಮಗಳು ನಗಲಿಲ್ಲ. ಹಗ್ಗ ಬಿಡುತ್ತಿದ್ದರು.

ಅತ್ತೆ ಅವಳ ಕಿವಿಯ ಹತ್ತಿರ ಬಂದು, "ಆ ನಾಯೀನ ಏನು ಮಾಡ್ತೀಯೇ?" ಎಂದಳು.

"ಈಗ ಬೇಡ ಅತ್ತೆ."

"ಈಗಲ್ಲದಿದ್ರೆ ಯಾವಾಗ? ನಾಳೆ ನಾನು ಹೊರಡ್ತೀನಿ, ನೀನು ಹೊರಡ್ತೀಯ. ನಿಮ್ಮ ಹಾಸ್ಟೆಲಲ್ಲಿ ನಾಯಿ ಇಟ್ಕೊಳ್ಳೋದಕ್ಕೆ ಬಿಡ್ತಾರಾ? ಬಿಟ್ರೂ ನಿನಗೆ ಯಾಕೆ ಅದು? ಅಣ್ಣ ನಿನಗಿಂತ ಅದನ್ನೇ ಹೆಚ್ಚು ಮಾಡ್ದ ಅಂತ ನೀನೇ ಫೋನಲ್ಲಿ ಅತ್ತಿದ್ದೆ ತಾನೇ."

ಮಗಳು ಒಂದು ಹಿಡಿ ಮಣ್ಣು ತೆಗೆದುಕೊಂಡು ಹಾಕಿದಳು. ಕೈ ಒರೆಸಿಕೊಳ್ಳಲಿಲ್ಲ.

*

ಎರಡನೇ ಸಲ ಬಂದದ್ದು ಮೂರು ಕಲ್ಲು, ಮುಳ್ಳು ಮುಳ್ಳಾದ ಬೀಜದ ಹಾಗೆ. ಈ ಸಲ ಅವನು ಸೀಸೆಯ ಮುಚ್ಚಳ ಮುಟ್ಟಲಿಲ್ಲ. ಎರಡು ಬಸ್ಸು ಬದಲಾಯಿಸಿ, ಸೀಸೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಕೂತು, ಪರೀಕ್ಷೆಯ ಕಡೆಗೆ ಮುಟ್ಟಿಸಿ ಬಂದ. ಫಲಿತಾಂಶದ ಕಾಗದ ಬಂದ ದಿನ ಮಗಳೂ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿದ್ದಳು.

"ಇದು ಬೇರೆ ಜಾತಿ," ಎಂದಳು ಡಾಕ್ಟರಮ್ಮ. "ಆಗಿನದು ಹುಳಿಗೆ ಕರಗೋದು. ಇದು ಕರಗೋದೇ ಇಲ್ಲ. ಮೈಯಲ್ಲಿ ಹುಳಿ ಹೆಚ್ಚಾದಷ್ಟೂ ಇದು ಕಟ್ಟೋದಕ್ಕೆ ಅನುಕೂಲ."

ಅವನು ಮೇಜಿನ ಮೇಲಿದ್ದ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಆಮೇಲೆ ಆರು ಹನಿಯ ವಿಷಯ ಹೇಳಿದ.

"ಅಂದ್ರೆ ಇದನ್ನ ಕಟ್ಟಿದ್ದು ನಾನೇ."

"ನೀವೊಬ್ಬರೇ ಅಂತ ಯಾರೂ ಹೇಳೋಕಾಗಲ್ಲ ಯಜಮಾನರೇ. ಕೆಲವು ನಾಯಿಗಳ ಮೈಯೇ ಹಾಗೆ."

ಎರಡನೇ ಮಾತು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. "ಈಗ ಏನು ಹಾಕ್ಲಿ? ಅದನ್ನ ಕರಗಿಸೋ ಊಟ ಇದನ್ನ ಬೆಳೆಸುತ್ತೆ. ಇದಕ್ಕೆ ಹೆದರಿ ಆ ಕಡೆಗೆ ವಾಲಿದ್ರೆ ಹಳೇದು ಮತ್ತೆ ಬಂದು ಕೂರುತ್ತೆ. ಎರಡು ಬೀದಿಗೆ ಒಂದೇ ವಾಲ್ವು ಇದ್ದ ಹಾಗಾಯ್ತಲ್ಲ. ಯಾರಿಗೆ ಬಿಡ್ಲಿ?"

ಡಾಕ್ಟರಮ್ಮ ನಕ್ಕಳು. "ಎರಡಕ್ಕೂ ಆಗೋದು ಒಂದಿದೆ. ನೀರು. ಊಟ ಯಾವುದೇ ಇರ್ಲಿ, ತಿಳಿಯಾಗಿ, ನೀರಾಗಿ ಇರ್ಬೇಕು. ದಿನವಿಡೀ ಹೊಯ್ತಾ ಇದ್ರೆ ಯಾವ ಕಲ್ಲಿಗೂ ಕೂತ್ಕೊಳ್ಳೋಕೆ ಪುರುಸೊತ್ತು ಸಿಗಲ್ಲ."

ಅವನು ತಲೆಯೆತ್ತಿದ. "ನಿಂತ ನೀರಲ್ಲೇ ಕಲ್ಲು ಕಟ್ಟೋದು. ಹರಿಯೋ ಪೈಪಲ್ಲಿ ಕಟ್ಟಲ್ಲ. ಇದು ನನಗೆ ಮೂವತ್ತು ವರ್ಷದಿಂದ ಗೊತ್ತಿತ್ತು ಡಾಕ್ಟ್ರಮ್ಮ. ಗೊತ್ತಿದ್ದೂ ವಿನೆಗರ್ ಹಾಕಿದೆ."

ಡಬ್ಬಿಯಲ್ಲಿ ಸಿಗುವ ವಿಶೇಷ ಊಟವನ್ನು ಮೊದಲು ಕೊಟ್ಟು ನೋಡಿದರು. ವಾಷರ್ ಎರಡು ದಿನ ತಿಂದು ಮೂರನೇ ದಿನ ಬೆನ್ನು ತಿರುಗಿಸಿತು. ಆಮೇಲೆ ಮನೆಯ ಊಟವೇ ಗತಿ ಎಂದಾಯಿತು. ಡಾಕ್ಟರಮ್ಮ ಒಂದೊಂದಾಗಿ ಹೇಳಿದಳು, ಅವನು ಒಂದೊಂದಾಗಿ ಬರೆದುಕೊಂಡ. ಸೊಪ್ಪು ಬೇಡ, ಬೀಟ್‌ರೂಟ್ ಬೇಡ, ಕಾಯಿಬೀಜ ಬೇಡ, ಲಿವರ್ ಬೇಡ, ಉಪ್ಪು ಬೇಡ. ಬಿಳಿ ಅನ್ನ, ಬೇಯಿಸಿದ ಕೋಸು, ಸ್ವಲ್ಪ ಕುಂಬಳಕಾಯಿ, ಮೊಟ್ಟೆಯ ಬಿಳಿ, ಒಂದಿಷ್ಟು ಕೋಳಿ. ಅವಳು ಕೊಟ್ಟ ಪುಡಿ ಒಂದು ಚಿಟಿಕೆ. ನೀರು, ಅನ್ನದ ಮೂರರಷ್ಟು. ಎರಡು ವಾರಕ್ಕೊಮ್ಮೆ ಸೌಟಿನಲ್ಲಿ ಹಿಡಿದದ್ದನ್ನು ತಂದು ತೋರಿಸಬೇಕು. ಅವಳು ಅದರಲ್ಲಿ ಬಣ್ಣದ ಕಾಗದ ಅದ್ದಿ ನೋಡಿ, ಒಂದನ್ನು ಹೆಚ್ಚು ಮಾಡಿ, ಒಂದನ್ನು ಕಡಿಮೆ ಮಾಡಿ ಹೇಳುವಳು. ಹೀಗೆ ನಡೆದೂ ನಡೆದೂ ಎಂಟು ತಿಂಗಳಿಗೆ ಒಂದು ಹದ ಸಿಕ್ಕಿತು.

ಆವತ್ತಿನಿಂದ ಕಲ್ಲು ಬಂದಿರಲಿಲ್ಲ.

*

ಮಣ್ಣು ಮಾಡಿ ಬಂದಾಗ ಎರಡು ಗಂಟೆ. ಮಗಳು ಕೈಕಾಲು ತೊಳೆದು ನೇರ ಅಡುಗೆಮನೆಗೆ ಹೋಗಿ ಬೀರುವಿನ ಬಾಗಿಲು ತೆರೆದಳು. ಅಪ್ಪನ ದಪ್ಪ ಅಕ್ಷರ. ಎಷ್ಟು ಸಲ ಹೊಡೆದು ಹಾಕಿ ಮತ್ತೆ ಬರೆದಿದ್ದನೋ, ಕಾಗದ ಅಲ್ಲಲ್ಲಿ ತೂತಾಗಿತ್ತು. ಒಲೆಯ ಮೇಲೆ ಒಂದೇ ಪಾತ್ರೆ. ಇನ್ನೊಂದಕ್ಕೆ ಹುಡುಕಿದಳು, ಇರಲಿಲ್ಲ.

ಬರೆದದ್ದನ್ನು ಬರೆದ ಹಾಗೆ ಮಾಡಿದಳು. ಕೋಸನ್ನು ಸಣ್ಣಗೆ ಹೆಚ್ಚಿ, ಕೋಳಿಯನ್ನು ಎಳೆಎಳೆಯಾಗಿ ಬಿಡಿಸಿ, ಅನ್ನವನ್ನು ಕಿವುಚಿ. ಉಪ್ಪಿನ ಡಬ್ಬಿಗೆ ಕೈ ತಾನಾಗಿ ಹೋಯಿತು. ಎಳೆದುಕೊಂಡಳು. ಬಟ್ಟಲಿಗೆ ಹಾಕಿ, ಆರಿಸಿ, ನಾಯಿಯ ಮುಂದಿಟ್ಟಳು.

ವಾಷರ್ ಮೂಸಿತು. ಅವಳ ಮುಖ ನೋಡಿತು. ಕೂತುಕೊಂಡಿತು.

ಅಷ್ಟರಲ್ಲಿ ಹಾಸ್ಟೆಲಿನ ಜೊತೆ ಕೆಲಸದವರು ಎರಡು ದೊಡ್ಡ ಪಾತ್ರೆಯಲ್ಲಿ ಊಟ ತಂದರು. ಮಾಂಸದ ಸಾರು, ಹುರಿದ ಆಲೂಗಡ್ಡೆ, ಬ್ರೆಡ್ಡು. ಬೆಳಗಿನಿಂದ ಹಸಿದಿದ್ದ ಜನ ಒಬ್ಬೊಬ್ಬರಾಗಿ ತಟ್ಟೆ ಹಿಡಿದು ಇದ್ದ ಒಂದೇ ಕೋಣೆಯಲ್ಲಿ ಗೋಡೆಯುದ್ದಕ್ಕೂ ಕೂತರು. ಮನೆ ತುಂಬ ವಾಸನೆ. ನಾಯಿ ಬಟ್ಟಲಿಂದ ಇನ್ನೂ ಎರಡು ಹೆಜ್ಜೆ ದೂರ ಸರಿಯಿತು.

"ಮೂರೂಕಾಲು ಗಂಟೆ," ಎಂದಳು ಮಗಳು, ಯಾರಿಗೂ ಅಲ್ಲದೆ.

"ಒಂದು ತುಂಡು ಮಾಂಸ ಮೇಲಿಟ್ಟು ನೋಡೇ," ಎಂದಳು ಅತ್ತೆ. "ವಾಸನೆಗಾದ್ರೂ ತಿನ್ನುತ್ತೆ."

"ಬೇಡ ಅಂತ ಹೇಳ್ಲಿಲ್ವಾ ಅತ್ತೆ!"

ಅವಳ ದನಿ ಏರಿತ್ತು. ಗೋಡೆಯುದ್ದಕ್ಕೂ ಚಮಚಗಳು ನಿಂತವು.

*

ಮೂರು ವರ್ಷ, ಪ್ರತಿ ಭಾನುವಾರ ಅವಳು ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತು ಅಪ್ಪನಿಗೆ ಊಟ ತರುತ್ತಿದ್ದಳು. ಮೂರು ಅಂತಸ್ತಿನ ಕ್ಯಾರಿಯರ್. "ಈಗ ಹಸಿವಿಲ್ಲ, ಇಟ್ಟು ಹೋಗು, ಆಮೇಲೆ ಉಣ್ತೀನಿ," ಎನ್ನುತ್ತಿದ್ದ. ಮುಂದಿನ ವಾರ ಕ್ಯಾರಿಯರ್ ತೊಳೆದು ಒಣಗಿಸಿ ಇಟ್ಟಿರುತ್ತಿದ್ದ. ಮಧ್ಯೆ ಒಮ್ಮೆ ಫೋನು ಮಾಡಿ, "ಹೇಗಿತ್ತಪ್ಪಾ?" ಎಂದರೆ, "ಚೆನ್ನಾಗಿತ್ತಮ್ಮ, ಉಪ್ಪು ಸರಿಯಾಗಿತ್ತು," ಎನ್ನುವನು. ಹೊಗಳಲು ಬಾರದವನ ಹೊಗಳಿಕೆ ಅದು ಎಂದು ಅವಳು ಅದನ್ನೇ ಇಟ್ಟುಕೊಂಡಿದ್ದಳು.

ಏಳು ತಿಂಗಳ ಹಿಂದೆ ಒಂದು ಭಾನುವಾರ, ಕ್ಯಾರಿಯರ್ ಕೊಟ್ಟು ಹಾಸ್ಟೆಲಿಗೆ ವಾಪಸು ಬಂದರೆ ಹುಡುಗಿಯರೆಲ್ಲ ತಟ್ಟೆ ಹಿಡಿದು ನಿಂತಿದ್ದರು. "ಅಕ್ಕಾ, ಮೀನಿನ ಸಾರಿಗೆ ಉಪ್ಪೇ ಹಾಕಿಲ್ಲ!" ಬಾಯಿಗಿಟ್ಟು ನೋಡಿದಳು. ಒಂದು ಕಲ್ಲು ಉಪ್ಪೂ ಇರಲಿಲ್ಲ. ಅದೇ ಪಾತ್ರೆಯಿಂದಲೇ ಅಪ್ಪನಿಗೂ ತುಂಬಿಕೊಂಡು ಹೋಗಿದ್ದಳು. ಕ್ಷಮೆ ಕೇಳೋಣ ಎಂದು ಮರುದಿನ ಫೋನು ಮಾಡಿದಳು. ಅವಳು ಬಾಯಿ ತೆರೆಯುವ ಮೊದಲೇ ಅಪ್ಪ, "ಚೆನ್ನಾಗಿತ್ತಮ್ಮ, ಉಪ್ಪು ಸರಿಯಾಗಿತ್ತು," ಎಂದ.

ಅವಳು ಫೋನಿಟ್ಟಳು. ಇನ್ನೂರು ಜನ ಸಾಲು ನಿಂತು ಬಡಿಸಿಕೊಂಡು ತಿನ್ನುವ ಊಟ. ಅಪ್ಪ ಒಂದು ತುತ್ತೂ ಬಾಯಿಗೆ ಇಟ್ಟಿಲ್ಲ. ಎಲ್ಲಿ ಚೆಲ್ಲುತ್ತಿದ್ದನೋ. ನಾಯಿಗೆ ಅಳೆದು ತೂಗಿ ಬೇಯಿಸಿ ಹಾಕುವವನಿಗೆ ಮಗಳು ಮಾಡಿದ್ದನ್ನು ಮುಚ್ಚಳ ತೆಗೆದು ನೋಡುವಷ್ಟೂ ಮನಸ್ಸಿಲ್ಲ. ಮುಂದಿನ ಭಾನುವಾರ ಕೆಲಸ ಇದೆ ಎಂದಳು. ಅದರ ಮುಂದಿನ ಭಾನುವಾರವೂ ಕೆಲಸ ಇತ್ತು. ಯಾಕೆ ಎಂದು ಅಪ್ಪ ಕೇಳಲಿಲ್ಲ. ಅವಳು ಹೇಳಲಿಲ್ಲ.

*

ಇಸ್ತ್ರಿಯವನು ತಟ್ಟೆಯಲ್ಲಿದ್ದ ಸಾರಿಗೆ ಬ್ರೆಡ್ಡು ಅದ್ದಿ ಬಾಯಿಗಿಟ್ಟುಕೊಂಡವನು ಅಗಿಯುವುದನ್ನು ನಿಲ್ಲಿಸಿದ್ದ. ನಿಧಾನವಾಗಿ ನುಂಗಿದ. ತಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದ.

"ಅದೊಂದೇ ಕೂತು ಊಟ ಮಾಡಲ್ಲಮ್ಮ," ಎಂದ.

"ಅಂದ್ರೆ?"

"ಅದರ ಎದುರಿಗೆ ಯಾರಾದ್ರೂ ಬೇರೆ ಏನಾದ್ರೂ ತಿಂದ್ರೆ ಅದು ಬಟ್ಟಲು ಮುಟ್ಟಲ್ಲ. ಮೊದಲಿಂದ ಹಂಗೇ. ಅಣ್ಣ ಏನು ತಿಂತಾರೋ ಅದೇ ಬೇಕು ಅದಕ್ಕೆ. ಅದಕ್ಕೆ ಅಣ್ಣ..." ಒಲೆಯ ಮೇಲಿದ್ದ ಪಾತ್ರೆಯ ಕಡೆ ಕೈ ತೋರಿಸಿದ. "ಅದನ್ನೇ ಉಣ್ತಿದ್ರು. ಎರಡು ಹೊತ್ತು. ಒಂದೇ ಪಾತ್ರೆ. ಅದಕ್ಕೊಂದು ಬಟ್ಟಲು, ಇವರಿಗೊಂದು ತಟ್ಟೆ."

ಮಗಳು ಪಾತ್ರೆ ನೋಡಿದಳು. "ಎಷ್ಟು ದಿನದಿಂದ?"

"ಎರಡನೇ ಸಲ ಕೊಯ್ದ್ರಲ್ಲ, ಆವತ್ತಿಂದ."

"ನನ್ನ ಕ್ಯಾರಿಯರ್?"

ಇಸ್ತ್ರಿಯವನು ತಲೆ ತಗ್ಗಿಸಿದ. ಅರವತ್ತು ವರ್ಷದ ಗಂಡಸು, ಸಿಕ್ಕಿಬಿದ್ದ ಕಳ್ಳನ ಹಾಗೆ ಶರ್ಟಿನ ತುದಿ ಹಿಡಿದುಕೊಂಡ. "ನಾನಮ್ಮ. ನಾನೇ ತಿಂತಿದ್ದೆ. ನಿಮ್ಮ ಬಸ್ಸು ಹೋದ ತಕ್ಷಣ ಅಣ್ಣ ಮುಚ್ಚಳಾನೂ ತೆಗೀದೆ ತಂದು ಕೊಡೋರು. ಇಲ್ಲೇ ನನ್ನ ಅಂಗಡೀಲಿ ಕೂತು ಉಂಡು ಹೋಗಿ ಅಣ್ಣ ಅಂದೆ. ಒಂದ್ಸಲ ಉಂಡ್ರು. ಉಂಡು ಬೆರಳೆಲ್ಲಾ ನೆಕ್ಕಿದ್ರಮ್ಮ, ಸುಳ್ಳು ಹೇಳಲ್ಲ. ಮನೆಗೆ ಹೋದ್ರೆ ಅದು ಕೈ ಮೂಸಿ, ಬಾಯಿ ಮೂಸಿ, ಎರಡು ದಿನ ಉಪವಾಸ ಕೂತ್ಬಿಡ್ತು. ಆಮೇಲೆ ಎಷ್ಟು ಕರೆದ್ರೂ ಬರ್ಲಿಲ್ಲ. 'ಕಲ್ಲು ಕಟ್ಟಿದೋನು ನಾನು. ಅದರ ಮೇಲೆ ಮೋಸ ಬೇರೆ ಮಾಡ್ಲೇನೋ' ಅಂದ್ರು."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳ್ಬೇಡ ಅಂದಿದ್ರು. ಊಟ ಬೇಡ ಅಂದ್ರೆ ಮಗಳಿಗೆ ಬರೋಕೆ ನೆಪ ಇರಲ್ಲ ಅಂತ."

ಮಗಳು ಒಲೆಯ ಕಟ್ಟೆಗೆ ಕೈಯೂರಿ ನಿಂತಿದ್ದಳು.

"ಒಂದ್ಸಲ ಮೀನಿನ ಸಾರು ತಂದಿದ್ದೆ," ಎಂದಳು. "ಕೊನೇ ಸಲ. ಅದರಲ್ಲಿ ಉಪ್ಪಿತ್ತಾ?"

ಇಸ್ತ್ರಿಯವನು ಶರ್ಟಿನ ತುದಿ ಬಿಟ್ಟ. "ಇರ್ಲಿಲ್ಲಮ್ಮ."

"ಅಪ್ಪನಿಗೆ ಹೇಳ್ಲಿಲ್ವಾ?"

"ಕೇಳಿದ್ರು. ಪ್ರತಿ ಸಲ ಕೇಳೋರು, ಹೇಗಿತ್ತೋ, ಮಗಳಿಗೆ ಏನು ಹೇಳ್ಲಿ ಅಂತ. ಪುಕ್ಕಟೆ ಊಟ ಉಂಡು ಉಪ್ಪಿಲ್ಲ ಅಂತ ಹೇಗಮ್ಮ ಹೇಳ್ಲಿ? ಯಾವಾಗ್ಲೂ ಹೇಳೋದನ್ನೇ ಹೇಳ್ದೆ." ಅವನು ತೋಳಿನಿಂದ ಮೂಗು ಒರೆಸಿಕೊಂಡ. "ಉಪ್ಪು ಸರಿಯಾಗಿತ್ತಣ್ಣ ಅಂದೆ. ಆಮೇಲೆ ನೀವು ಬರೋದು ನಿಂತೋಯ್ತು. ಅಣ್ಣ ಭಾನುವಾರ ಭಾನುವಾರ ಕುರ್ಚಿ ಹೊರಗೆ ಹಾಕ್ಕೊಂಡು ಬಸ್ಸು ಬರೋ ಕಡೆ ನೋಡ್ಕೊಂಡು ಕೂರೋರು. ಅದಕ್ಕೂ ಇದಕ್ಕೂ ನನಗೆ ತಾಳೆ ಬೀಳಲಿಲ್ಲಮ್ಮ. ಈಗ ನೀವು ಕೇಳ್ತಿದ್ದ ಹಾಗೆ ಬಿತ್ತು."

ಅತ್ತೆ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಸಾರಿನ ತಟ್ಟೆ ಇತ್ತು.

"ಅತ್ತೆ," ಎಂದಳು ಮಗಳು. "ಆ ಎರಡು ಪಾತ್ರೆ ಹೊರಗೆ ತಗೊಂಡೋಗಿ. ಎಲ್ಲರೂ ಹೊರಗೆ ಉಣ್ಲಿ. ಇವರ ಅಂಗಡಿ ಮುಂದೆ. ಕಿಟಕಿ ಎರಡೂ ತೆಗೀರಿ."

"ಜನ ಏನಂದ್ಕೊಳ್ತಾರೇ? ಸಾವಿನ ಮನೆಗೆ ಬಂದೋರನ್ನ..."

"ಅತ್ತೆ."

ಅತ್ತೆ ತನ್ನ ತಟ್ಟೆಯನ್ನು ಕೆಳಗಿಟ್ಟಳು. ತಾನೇ ಮುಂದಾಗಿ ಜನರನ್ನು ಎಬ್ಬಿಸಿದಳು. "ಏಳ್ರಪ್ಪಾ, ಏಳ್ರಮ್ಮಾ, ತಟ್ಟೆ ತಗೊಂಡು ಬೀದಿಗೆ ನಡೀರಿ. ಯಾಕೆ ಅಂತ ಕೇಳ್ಬೇಡಿ. ನಾಯಿ ಊಟಕ್ಕೆ ಕೂರುತ್ತೆ." ಪಂಪ್‌ಹೌಸಿನ ಮುದುಕ ಊರುಗೋಲು ಹುಡುಕುತ್ತ, "ನೀರುಗಂಟಿ ಸತ್ತ ಮೇಲೂ ನಮ್ಮನ್ನ ಬೀದೀಲಿ ಸಾಲು ನಿಲ್ಲಿಸ್ದ ನೋಡು," ಎಂದ. ಪಾತ್ರೆಗಳು ಹೋದವು. ಚಮಚಗಳ ಸದ್ದು ಹೊರಗೆ ಹೋಯಿತು. ಕಿಟಕಿಯಿಂದ ಗಾಳಿ ಬಂತು.

ಮಗಳು ಮೊಳಕೈವರೆಗೆ ಸೋಪು ಹಚ್ಚಿ ತೊಳೆದಳು. ಬಾಯಿ ಮುಕ್ಕಳಿಸಿದಳು. ಅಪ್ಪನ ತಟ್ಟೆ ತೆಗೆದು, ಪಾತ್ರೆಯಿಂದ ಎರಡು ಸೌಟು ಬಡಿಸಿಕೊಂಡು, ಪಾತ್ರೆಯನ್ನೂ ಪಕ್ಕದಲ್ಲೇ ಇಟ್ಟುಕೊಂಡು, ನಾಯಿಯ ಬಟ್ಟಲಿನ ಎದುರಿಗೆ ನೆಲದ ಮೇಲೆ ಕೂತಳು. ತಟ್ಟೆಯಲ್ಲಿ ಅದು ನಿಲ್ಲುತ್ತಿರಲಿಲ್ಲ. ಅನ್ನ ಒಂದು ಕಡೆ, ನೀರು ಒಂದು ಕಡೆ ಓಡುತ್ತಿತ್ತು. ಬೆರಳಿಂದ ಒತ್ತರಿಸಿ ಮೊದಲ ತುತ್ತು ಬಾಯಿಗಿಟ್ಟಳು.

ಕೋಸು ಬೆಂದ ವಾಸನೆ. ಅದರ ಹಿಂದೆ ಕುಂಬಳಕಾಯಿಯ ಸಪ್ಪೆ ಸಿಹಿ. ಅದರ ಹಿಂದೆ ಏನೂ ಇಲ್ಲ. ಎರಡನೇ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂತಳು. ನಾಯಿ ಅವಳ ಬಾಯಿಯನ್ನೇ ನೋಡುತ್ತಿತ್ತು. ನುಂಗಿದಳು. ಮೂರನೆಯದು. ನಾಲ್ಕನೆಯದು.

ವಾಷರ್ ಎದ್ದಿತು. ಅವಳ ಹತ್ತಿರ ಬಂದು ಕೈ ಮೂಸಿತು, ಗದ್ದ ಮೂಸಿತು. ಬಟ್ಟಲಿನ ಹತ್ತಿರ ಹೋಗಿ ತಲೆ ಬಗ್ಗಿಸಿತು.

ನಾಲಿಗೆ ನೀರಿಗೆ ಬಡಿಯುವ ಸದ್ದು ಕೇಳಿ ಅವಳ ಕೈ ನಿಂತಿತು. ಕೂಡಲೇ ಆ ಸದ್ದೂ ನಿಂತಿತು. ನಾಯಿ ತಲೆಯೆತ್ತಿ ನೋಡಿತು; ಮೂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ತುತ್ತು ಎತ್ತಿದಳು. ಅದು ಬಗ್ಗಿತು.

ಅವಳ ತಟ್ಟೆ ಮೊದಲು ಖಾಲಿಯಾಯಿತು. ಅದರ ಬಟ್ಟಲಲ್ಲಿ ಇನ್ನೂ ಅರ್ಧ ಇತ್ತು. ವಾಷರ್ ಮತ್ತೆ ತಲೆಯೆತ್ತಿತು.

ಅವಳು ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು, ತಳದಿಂದ ಕಲಕಿ, ಇನ್ನೊಂದು ಸೌಟು ಬಡಿಸಿಕೊಂಡಳು.